ಕೆಂಚವ್ವನ ಅರವಟ್ಟಿಗೆ, ಸೊಬಗಯ್ಯನ ಕೆಂಪು ಬಾಟ್ಲಿ

ಹತ್ತಿರ ಬಂದು ಕೂತ್ಕೊಳ್ರೋ. ಒಂದೇ ಸಲ ಹೇಳೋದು. ನಡುವೆ ಬಾಯಿ ಹಾಕಿದರೆ ಎದ್ದು ಹೋಗ್ತೀನಿ.

ಬಿಸಿಲುದುರ್ಗ ಅನ್ನೋ ಸೀಮೇಲಿ ಮರುಳಪ್ಪ ನಾಯಕ ಅಂತ ಒಬ್ಬ ರಾಜ ಇದ್ದ. ಒಳ್ಳೆಯವನೇ, ಆದರೆ ಯಾವ ಮಾತೂ ಬೇಗ ತಲೆಗೆ ಹತ್ತೋದಿಲ್ಲ. ಅರಮನೆ ಬೆಟ್ಟದ ಮೇಲೆ, ಊರು ಬೆಟ್ಟದ ಕೆಳಗೆ. ದಿನಾ ಪಲ್ಲಕ್ಕೀಲಿ ಇಳಿಯೋನು, ಪಲ್ಲಕ್ಕೀಲೇ ಹತ್ತೋನು. ಹೊರೋರು ನಾಲ್ಕು ಜನ. ಅವರಲ್ಲಿ ಹಿರಿಯ ಸಣ್ಣೀರ.

ಏರಿನ ನಡುವೆ ಹುಣಸೇಮರದ ಕೆಳಗೆ ಕೆಂಚವ್ವನ ಅರವಟ್ಟಿಗೆ. ದಾರಿಹೋಕರ ದಾಹ ತಣಿಸೋ ಚಪ್ಪರ ಕಣ್ರೋ, ಅವಳ ಅತ್ತೆ ಕಾಲದ್ದು, ಕಾಸು ಕೇಳೋದಿಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಕಚ್ಚೋಕೆ ಈರುಳ್ಳಿ ಕೊಡೋಳು. ಬಿಸಿಲು ಜೋರಾದರೆ ಬೆಲ್ಲದ ನೀರಿಗೆ ನಿಂಬೆಹಣ್ಣು ಹಿಂಡಿ ಚಿಟಿಕೆ ಉಪ್ಪು. ಹೊರೋರು ಪಲ್ಲಕ್ಕಿ ಇಳಿಸಿ, ಒಂದೊಂದು ಚೆಂಬು ಕುಡಿದು, ಮತ್ತೆ ಹೆಗಲು ಕೊಡೋರು.

ಒಂದು ದಿನ ಸೊಬಗಯ್ಯ ಅನ್ನೋ ವ್ಯಾಪಾರಿ ತಟ್ಟುಕುದುರೆ ಏರಿ ಬಂದ. ಚೀಲದ ತುಂಬ ಕೆಂಪು ಬಾಟ್ಲಿ.

"ಪ್ರಭು, ಇದು ಭೀಮರಸ. ಕುಡಿದರೆ ನೂರು ಆನೆ ಬಲ" ಅಂದ.

ರಾಜ ಪಲ್ಲಕ್ಕೀಲಿ ಕೂತೇ ಕುಡಿದ. ಕಿವಿ ಬಿಸಿಯಾಯ್ತು, ಎದೆ ಡವಡವ ಅಂತು. ಬೆಟ್ಟ ಹತ್ತಿ ಮುಗಿದರೂ ರಾಜನಿಗೆ ಚೂರೂ ಸುಸ್ತಿಲ್ಲ. ನಗಬೇಡ್ರೋ, ಕಥೆ ಇನ್ನೂ ಇದೆ.

"ನಾಳೆಯಿಂದ ಹೊರೋರಿಗೂ ಇದೇ" ಅಂದ ರಾಜ.

ಸೊಬಗಯ್ಯ ಕೈಮುಗಿದ. "ಬೆಲೆ ಅವರ ಕೂಲೀಲಿ ಹಿಡಿದರಾಯ್ತು ಪ್ರಭು. ಆದರೆ ಆ ಅರವಟ್ಟಿಗೆ ಇರೋವರೆಗೂ ಇವರು ಸೋಮಾರಿಗಳೇ. ಅದನ್ನ ಕೀಳಿಸಿಬಿಡಿ."

ಸುದ್ದಿ ಕೇಳಿ ಕೆಂಚವ್ವ ಅರಮನೆಗೇ ಓಡಿ ಬಂದಳು. "ಮೂರು ದಿನ ತಾಳಿ ಬುದ್ಧಿ" ಅಂದಳು. "ಹೊರೋರು ಅದನ್ನೇ ಕುಡಿದು ಬೆಟ್ಟ ಹತ್ತಿದರೆ ಚಪ್ಪರ ನಾನೇ ಕೀಳ್ತೀನಿ."

ಮೊದಲನೇ ದಿನ ಹೊರೋರು ಒಂದೊಂದು ಬಾಟ್ಲಿ ಕುಡಿದರು. ಕುದುರೆ ಹಂಗೆ ಓಡಿದರು. ಹುಣಸೇಮರ ದಾಟಿ ನಾಲ್ಕು ಹೆಜ್ಜೆ ಇಡೋದ್ರಲ್ಲಿ ಮಂಡಿ ಗಡಗಡ, ಪಲ್ಲಕ್ಕಿ ಕೆಳಗೆ.

"ನಾನೂ ಕುಡಿದೆ, ಇವರೂ ಕುಡಿದರು. ನನಗಿಲ್ಲದ ಸುಸ್ತು ಇವರಿಗೇಕೆ?" ರಾಜನಿಗೆ ತಲೆಬುಡ ತಿಳೀಲಿಲ್ಲ.

"ಕಮ್ಮಿ ಕುಡಿದರು ಪ್ರಭು" ಅಂದ ಸೊಬಗಯ್ಯ.

ಎರಡನೇ ದಿನ ಎರಡೆರಡು ಬಾಟ್ಲಿ. ಮರದ ಹತ್ತಿರ ಬರೋದ್ರಲ್ಲೇ ಒಬ್ಬ ಮುಗ್ಗರಿಸಿದ, ರಾಜ ಉರುಳಿ ದಾರಿಗೆ ಬಿದ್ದ. ಧೂಳು ಕೊಡವಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳಿದ. ತಲೆಬುಡ ತಿಳೀಲಿಲ್ಲ.

"ಇನ್ನೂ ಕಮ್ಮಿಯೇ ಪ್ರಭು."

ಮೂರನೇ ದಿನ ಕೆಂಚವ್ವ ಬೆಟ್ಟದ ಬುಡಕ್ಕೇ ಬಂದು ನಿಂತಿದ್ದಳು. ಮೂರು ಮೂರು ಬಾಟ್ಲಿ ಕುಡಿದ ಹೊರೋರು ಹತ್ತು ಹೆಜ್ಜೆ ಹೋಗಿರಲಿಲ್ಲ, ಸಣ್ಣೀರ ಎದೆ ಹಿಡಿದುಕೊಂಡು ಕುಸಿದ. ಕೆಂಚವ್ವ ಅವನನ್ನ ನೆರಳಿಗೆ ಕೂರಿಸಿ ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಅವಳಿಗೆ ಅಳು ಒತ್ತರಿಸಿ ಬಂತು, ಸಿಟ್ಟೂ ಬಂತು.

"ಅಂಬಲಿ ಕುಡಿದು ಕುಡಿದು ಇವರ ಮೈ ಕೆಟ್ಟಿದೆ ಪ್ರಭು, ಅದಕ್ಕೇ ರಸ ಹಿಡೀತಿಲ್ಲ. ಅರವಟ್ಟಿಗೆ ಇವತ್ತೇ ಕೀಳಿಸಿ" ಅಂದ ಸೊಬಗಯ್ಯ.

ರಾಜ ತಲೆ ಕೆರೆದುಕೊಂಡ. ಇರಬಹುದೇನೋ ಅಂತ ಬಾಯಿ ತೆರೆಯೋದ್ರಲ್ಲಿದ್ದ.

"ಆಗಲಿ ಬುದ್ಧಿ" ಅಂದಳು ಕೆಂಚವ್ವ. "ಈಗ ಒಂದು ಹೆಗಲು ಕಮ್ಮಿ. ಈ ವ್ಯಾಪಾರಿ ಸ್ವಾಮಿಗಳು ಅಂಬಲಿ ಮುಟ್ಟಿದವರಲ್ಲ. ಭೀಮರಸ ಕುಡಿದು ಇವರೇ ಹೆಗಲು ಕೊಡಲಿ."

"ನಾನು ವ್ಯಾಪಾರಿ ಪ್ರಭು..."

"ನೂರು ಆನೆ ಬಲ ಅಂದಿದ್ದೆಯಲ್ಲಯ್ಯ?" ಅಂದ ರಾಜ.

ಸೊಬಗಯ್ಯ ಕುಡಿದ, ಹೆಗಲು ಕೊಟ್ಟ. ಉಳಿದ ಮೂವರು ಬೇಕಂತಲೇ ನಿಧಾನ ನಡೆದರು. ಮಟಮಟ ಮಧ್ಯಾಹ್ನ, ಕಲ್ಲಿನ ಏರು. ಹುಣಸೇಮರ ಮುಟ್ಟೋ ಹೊತ್ತಿಗೆ ಸೊಬಗಯ್ಯನ ಬಣ್ಣದ ಅಂಗಿ ಬೆವರಲ್ಲಿ ತೊಯ್ದು ಮೈಗೆ ಅಂಟಿತ್ತು, ನಾಲಿಗೆ ಒಣಗಿತ್ತು. ಕೆಂಚವ್ವ ಕಟ್ಟೆ ಮೇಲೆ ಎಡಕ್ಕೆ ಕೆಂಪು ಬಾಟ್ಲಿ ಇಟ್ಟಳು, ಬಲಕ್ಕೆ ಅಂಬಲಿ ಚೆಂಬು.

"ಯಾವುದು ಬೇಕೋ ತಗೊಳ್ಳಿ ಸ್ವಾಮಿ. ಪ್ರಭುಗಳು ನೋಡ್ತಿದ್ದಾರೆ."

ಸೊಬಗಯ್ಯ ಬಾಟ್ಲಿ ನೋಡಿದ. ರಾಜನ್ನ ನೋಡಿದ. ಆಮೇಲೆ ಎರಡೂ ಕೈಲಿ ಚೆಂಬು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಇನ್ನೊಂದು ಚೆಂಬು ಕೊಡವ್ವ" ಅಂದ. ಅಂದಮೇಲೆ ಅವನಿಗೇ ತಿಳೀತು, ಏನಂದೆ ಅಂತ. ತಲೆ ತಗ್ಗಿಸಿದ.

ರಾಜ ಪಲ್ಲಕ್ಕಿಯಿಂದ ಇಳಿದು ಬಂದ. "ಅವನಿಗೂ ಸುಸ್ತೇ. ಹಂಗಾದರೆ ನನಗ್ಯಾಕೆ ಆಗಲಿಲ್ಲ ಕೆಂಚವ್ವ?"

"ಬುದ್ಧಿ, ನೀವು ಕೂತಿದ್ರಿ."

ರಾಜ ಒಂದು ಚೆಂಬು ಅಂಬಲಿ ಇಸ್ಕೊಂಡು ಕುಡಿದ. ಆಮೇಲೆ ಮಿಕ್ಕ ಬೆಟ್ಟವನ್ನ ಕಾಲ್ನಡಿಗೇಲಿ ಹತ್ತಿದ. ಅರವಟ್ಟಿಗೆ ಅಲ್ಲೇ ಉಳೀತು. ಸಣ್ಣೀರ ಸುಧಾರಿಸಿಕೊಳ್ಳೋವರೆಗೂ ಅವನ ಜಾಗದಲ್ಲಿ ಸೊಬಗಯ್ಯನೇ ಹೆಗಲು ಕೊಡಬೇಕು ಅಂತ ಅಪ್ಪಣೆ ಆಯ್ತು.

ನೀತಿ ಇಷ್ಟೇ ಕಣ್ರೋ: ಬೆವರು ಸುರಿಸಿದ ಮೈಗೆ ಬೇಕಾದ್ದು ನೀರು, ಉಪ್ಪು, ಚೂರು ಬೆಲ್ಲ, ಹೊಟ್ಟೆಗೊಂದಿಷ್ಟು ಅಂಬಲಿ. ಅದೆಲ್ಲ ಅಡುಗೆಮನೇಲೇ ಇದೆ. ಯಾವುದು ಬಲ ಕೊಡುತ್ತೆ ಅಂತ ಕೇಳೋದಾದರೆ ಹೊತ್ತವನನ್ನ ಕೇಳಿ, ಕೂತವನನ್ನಲ್ಲ.

ಸಾಕು, ನನ್ನ ಗಂಟಲೂ ಒಣಗಿತು. ಇಷ್ಟು ಹೊತ್ತು ಕೂತು ಕೇಳಿದವರು ಯಾರಾದರೂ ಎದ್ದು ಒಂದು ಲೋಟ ಮಜ್ಜಿಗೆ ತನ್ನಿ, ಉಪ್ಪು ಮರೀಬೇಡಿ.