ದೇವರಮನೆಯ ಕೋವಿ

ಗಲಾಟೆ ಬಿಟ್ಟು ಕೇಳಿ ಮಕ್ಕಳಾ, ಇದು ನಗೋ ಕಥೆಯಲ್ಲ.

ಕರಡಿಕಲ್ಲು ಅಂತ ಒಂದು ಪಾಳೇಪಟ್ಟು. ಅಲ್ಲೊಬ್ಬ ಕೋವಿಕಾರ, ಜಡಿಯಪ್ಪ. ಊರಿಗೆಲ್ಲ ಇದ್ದದ್ದು ಒಂದೇ ಕೋವಿ. ಅದು ವರ್ಷವೆಲ್ಲ ದೇವರಮನೆಯಲ್ಲಿ ಅರಿಸಿನ ಕುಂಕುಮ ಬಳ್ಕೊಂಡು ಕೂತಿರೋದು. ಪೂಜೆಯಾದ ಕೋವೀನ ಸುಮ್‌ಸುಮ್ನೆ ಹಾರಿಸಿದ್ರೆ ಊರಿಗೆ ಕೇಡು ಅನ್ನೋದು ಅಲ್ಲಿನ ಕಟ್ಟಳೆ. ಆಯುಧಪೂಜೆ ದಿನ ಮಾತ್ರ ಹೊರಗೆ ತೆಗೆದು, ಬಿದಿರಿನ ಗಳುವಿಗೆ ಕಟ್ಟಿದ ತೆಂಗಿನಕಾಯಿಗೆ ಒಂದು ಗುಂಡು. ಜಡಿಯಪ್ಪ ನಿಧಾನಕ್ಕೆ ಮಂಡಿಯೂರಿ, ಉಸಿರು ಹಿಡಿದು ಹೊಡೆದ್ರೆ ಕಾಯಿ ಎರಡು ಹೋಳು! ಪಾಳೇಗಾರ ಶಾಲು ಹೊದಿಸೋನು. ಜಡಿಯಪ್ಪ ಮೀಸೆ ತಿರುವೋನು.

ಅವನ ತಮ್ಮ ಮರುಳ ಕುರಿ ಕಾಯೋನು. ಮರುಳನ ಹೆಂಡತಿ ಚೆನ್ನಾಜಿ ಒಂದ್ಸಲ ಕೇಳಿದ್ಲು: "ಭಾವ, ಕಾಯಿ ಓಡಲ್ಲ, ಕಚ್ಚಲ್ಲ. ಹುಲಿ ಬಂದ್ರೆ? ಓಡಿ ಬಂದು, ಏದುಸಿರಲ್ಲಿ ಹೊಡೆದು ಅಭ್ಯಾಸ ಮಾಡಬಾರದಾ?"

"ಕಟ್ಟಳೆ ಮುರೀಲಾ? ಹೋಗವ್ವ, ಮುದ್ದೆ ತಿರುವು."

ಹುಲಿ ಬಂದೇ ಬಂತು. ಮೊದಲ ಸಲ ಕರು ಹೊತ್ತೊಯ್ತು. ದೇವರಮನೆಯಿಂದ ಕೋವಿ ತಂದು ಹಾರಿಸಿದ ಗುಂಡು ಮರಕ್ಕೆ ಬಿತ್ತು. "ಮದ್ದು ಸರಿಯಿಲ್ಲ" ಅಂದ ಜಡಿಯಪ್ಪ. ಎರಡನೇ ಸಲ ಟಗರು ಹೊತ್ತೊಯ್ತು. ಗುಂಡು ಆಕಾಶಕ್ಕೆ ಹೋಯ್ತು. "ನೀವೆಲ್ಲ ಯಾಕ್ರಯ್ಯ ಕೂಗಾಡಿದ್ರಿ?" ಅಂತ ಊರವರ ಮೇಲೇ ಹರಿಹಾಯ್ದ. ಹುಲಿ ಗುಡ್ಡದ ಮೇಲೆ ನಿಂತು ನಕ್ಕಿತು: "ಜಡಿಯಪ್ಪ, ನಿನ್ನ ಕೋವಿಗೆ ನಾನೂ ಕೈ ಮುಗೀತೀನಪ್ಪ!"

ಮೂರನೇ ಸಲ ಹಿಡಿದದ್ದು ಮರುಳನ್ನ. ಭುಜ ಕಚ್ಚಿ ಎಳೀತಿತ್ತು. "ಅಣ್ಣಾ, ಹೊಡಿ! ಹೊಡಿಯಣ್ಣಾ!" ಜಡಿಯಪ್ಪ ಕೋವಿ ಹಿಡಿದು ಓಡಿ ಬಂದ. ಎದೆ ಡವಡವ. ಬೆವರು ಕಣ್ಣಿಗಿಳೀತು. ಬೆರಳು ಮಾತು ಕೇಳ್ಲಿಲ್ಲ. ಹೊಡೆದ. ಗುಂಡು ತಮ್ಮನ ಎದೆಗೆ ಬಿತ್ತು. ಸದ್ದಿಗೆ ಹುಲಿ ಓಡಿಹೋಯ್ತು. ಓಡಿ ಏನು ಬಂತು, ಅಯ್ಯೋ ಶಿವನೇ!

ತಿಥಿ ಮುಗಿದ ಮೇಲೆ ಚೆನ್ನಾಜಿ ದೇವರಮನೆಗೆ ನುಗ್ಗಿ ಕೋವಿ ತಗೊಂಡ್ಲು. "ಕಟ್ಟಳೆ!" ಅಂತ ಗುಡುಗಿದ ಪಾಳೇಗಾರ.

"ಕಟ್ಟಳೆ ನನ್ನ ಗಂಡನ್ನ ಉಳಿಸ್ತಾ ಬುದ್ಧಿ?"

ಪಾಳೇಗಾರ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಅವತ್ತಿಂದ ದಿನಾ ಗುಡ್ಡ ಹತ್ತಿಳಿದು, ಏದುಸಿರಲ್ಲೇ ಹೊಡೆದ್ಲು. ಕಿವಿ ಪಕ್ಕ ತಮಟೆ ಬಾರಿಸೋಕೆ ಹೇಳಿ ಹೊಡೆದ್ಲು. ಇಳಿಜಾರಲ್ಲಿ ಉರುಳೋ ಕುಂಬಳಕಾಯಿಗೆ ಹೊಡೆದ್ಲು. ಮದ್ದು ತುಂಬಿ ಕೊಡ್ತಿದ್ದೋನು ಜಡಿಯಪ್ಪ. ತಲೆ ಎತ್ತುತ್ತಿರಲಿಲ್ಲ.

ಹುಲಿ ಮತ್ತೆ ಬಂತು. ಹೆಂಗಸು ಕೋವಿ ಹಿಡಿದದ್ದು ನೋಡಿ ಬಚ್ಚಿಟ್ಟುಕೊಳ್ಳಲೂ ಇಲ್ಲ. "ಹೊಡಿಯವ್ವ, ನಿನ್ನ ಭಾವ ಹೊಡೆದಂಗೆ!" ಅಂತ ಅವಳ ಮೇಲೆ ಹಾರಿತು. ಚೆನ್ನಾಜಿಗೂ ಎದೆ ಹೊಡ್ಕೊಳ್ತು, ಕೈ ನಡುಗ್ತು. ಆದ್ರೆ ಕಲಿತ ಕೈ ನಡುಗ್ತಾನೇ ಕೆಲಸ ಮಾಡ್ತು. ಹುಲಿ ಅವಳ ಕಾಲ ಹತ್ರ ದೊಪ್ಪನೆ ಬಿತ್ತು.

ಊರೆಲ್ಲ ಕುಣೀತು. ಜಡಿಯಪ್ಪ ಅವಳ ಮುಂದೆ ಕುಸಿದು ಕೂತ. "ಈಗಲಾದ್ರೂ ನನ್ನ ಕ್ಷಮಿಸಿಬಿಡವ್ವ."

"ನಾನು ಕೇಳಿದಾಗ ನೀವು ಕಲಿತಿದ್ರೆ ಅವರು ಇರ್ತಿದ್ರು ಭಾವ," ಅಂದು ಚೆನ್ನಾಜಿ ಒಳಗೆ ಹೋದ್ಲು. ಬಾಗಿಲು ಹಾಕ್ಕೊಂಡ್ಲು.

ನೋಡ್ರಪ್ಪಾ, ಆಯುಧ ಹಿಡಿಯೋನು ಹೆದರಿಕೆಯಲ್ಲೂ ಗುರಿ ತಪ್ಪದಂಗೆ ಮೊದಲೇ ಪಳಗಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹೊರಟೋನು ತನ್ನೋರನ್ನೇ ಕೊಲ್ತಾನೆ. ಬಿಟ್ಟ ಗುಂಡು ಯಾರು ಅತ್ತರೂ ವಾಪಸ್ಸು ಬರಲ್ಲ.