ಓಗೊಟ್ಟ ದಡ

"ಗುರುಗಳೇ, ದೂರದ ಒಂದು ನಾಡಿನಲ್ಲಿ ದೊರೆಯನ್ನು ಪ್ರಶ್ನಿಸಿದವರನ್ನೆಲ್ಲ ಸೆರೆಗೆ ತಳ್ಳಿದ್ದಾರಂತೆ. ಅವರನ್ನು ಬಿಡಬೇಕೆಂದು ಓಲೆ ಬರೆಯೋಣ ಎನ್ನುತ್ತಿದ್ದಾರೆ ನನ್ನ ಓರಗೆಯವರು. ನಮಗೆ ಈಗಷ್ಟೇ ಮೀಸೆ ಚಿಗುರುತ್ತಿದೆ. ಕಾಣದ ನಾಡಿನ ಉಸಾಬರಿ ಈಗಲೇ ಏಕೆ? ವಯಸ್ಸಾಗಿ, ಬುದ್ಧಿ ಬಲಿತ ಮೇಲೆ ಮಾತನಾಡಿದರಾಗದೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಕತೆ ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಮುದುಕ ಅಂಬಿಗನಿದ್ದ. ಅಲ್ಲಿಯ ಅಂಬಿಗರದೊಂದು ಕಟ್ಟಳೆ. ಆಚೆ ದಡದಿಂದ ಯಾರಾದರೂ ಕೂಗಿದರೆ ಕೇಳಿಸಿಕೊಂಡವರು "ಓ" ಎನ್ನಬೇಕು. ದಡದಲ್ಲಿ ಯಾರೇ ಓಗೊಟ್ಟರೂ ಹರಿಗೋಲು ಹೊರಡಲೇಬೇಕು. ಕೂಗಿದವನು ಯಾರು, ಯಾವ ಕುಲ ಎಂದು ಕೇಳುವಂತಿಲ್ಲ. ಓಗೊಡದಿದ್ದರೆ ಮಾತ್ರ ಯಾರೂ ತಪ್ಪು ಹೊರಿಸುವಂತಿಲ್ಲ, ಕೇಳಿಸಲಿಲ್ಲವೆಂದರೆ ಮುಗಿಯಿತು. ಹೀಗಾಗಿ ಆ ದಡದಲ್ಲಿ ಜಾಣಕಿವುಡು ಬಹಳ.

ಒಂದು ಮಧ್ಯಾಹ್ನ, ಕಲ್ಲುಗಣಿಯ ಒಡೆಯ ಜೀತಕ್ಕಿಟ್ಟಿದ್ದ ಆಳೊಬ್ಬ ತಪ್ಪಿಸಿಕೊಂಡು ಆಚೆ ದಡಕ್ಕೆ ಓಡಿಬಂದ. ಅವನಿಗೆ ಈಜು ಬಾರದು. ಸೊಂಟದವರೆಗೆ ನೀರಿಗಿಳಿದು ಹರಿಗೋಲಿಗಾಗಿ ಕೂಗಿದ. ಹಿಂದೆ ದೊಣ್ಣೆ ಹಿಡಿದವರು ದಿಬ್ಬ ಇಳಿಯುತ್ತಿದ್ದರು. ಸಿಕ್ಕಿದರೆ ಅವನು ಉಳಿಯುವುದಿಲ್ಲ.

ಮುದುಕನಿಗೆ ಕೂಗು ಕೇಳಿಸಿತು. ಅವನು ತಲೆ ತಗ್ಗಿಸಿ ಹರಿಗೋಲಿನ ತೊಗಲಿಗೆ ಎಣ್ಣೆ ಸವರುತ್ತಲೇ ಇದ್ದ. ಗಣಿಯ ಒಡೆಯನನ್ನು ಎದುರು ಹಾಕಿಕೊಂಡರೆ ಹೊಳೆಯ ಮೇಲಿನ ಬದುಕೇ ಹೋದೀತೆಂದು ಅವನಿಗೆ ಗೊತ್ತಿತ್ತು.

ಹದಿನಾರರ ಮೊಮ್ಮಗಳು ಓಡಿಬಂದಳು. "ತಾತಾ, ಆಚೆ ದಡದಲ್ಲಿ ಯಾರೋ ಕೂಗ್ತಿದ್ದಾರೆ!"

"ನನಗೇನೂ ಕೇಳಿಸಲಿಲ್ಲ. ನಿನ್ನ ಕೈಗಿನ್ನೂ ಹುಟ್ಟು ಕೊಟ್ಟಿಲ್ಲ, ಸುಮ್ಮನಿರು."

ಅವಳು ಸುಮ್ಮನಿರಲಿಲ್ಲ. ನೀರಿನ ಅಂಚಿಗೆ ಹೋಗಿ, ಬಾಯಿಗೆ ಕೈಯೊಡ್ಡಿ "ಓ" ಎಂದಳು. ಬಟ್ಟೆ ಒಗೆಯುತ್ತಿದ್ದ ಹುಡುಗಿಯರು ಎದ್ದು "ಓ" ಎಂದರು. ಬಲೆ ಹೆಣೆಯುತ್ತಿದ್ದ ಹುಡುಗರೂ ಎಂದರು. ಬೆನ್ನಟ್ಟಿದವರು ನಿಂತರು. ಒಂದು ದಡವಿಡೀ ನೋಡುತ್ತಿರುವಾಗ ದೊಣ್ಣೆ ಎತ್ತಲು ಅವರಿಗೆ ಕೈ ಬರಲಿಲ್ಲ.

ಓಗೊಟ್ಟದ್ದಾಗಿತ್ತು. ಮುದುಕ ಹರಿಗೋಲನ್ನು ನೀರಿಗಿಳಿಸಲೇಬೇಕಾಯಿತು. ಆ ಆಳನ್ನು ಈಚೆಗೆ ಕರೆತಂದಾಗ ಅವನು ಮುದುಕನ ಕಾಲಿಗೆರಗಿ, "ನನ್ನ ಕೂಗು ಕೇಳಿಸಿಕೊಂಡ ಪುಣ್ಯಾತ್ಮ ನೀನೇ" ಎಂದ. ನಾಚಿಕೆಯಿಂದ ಮುದುಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೊಮ್ಮಗಳ ಕೈಗೆ ಹುಟ್ಟು ಕೊಟ್ಟು, "ನನಗೂ ಕೇಳಿಸಿತ್ತು ಕಣಮ್ಮ" ಎಂದ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕೇಳಿಸಿಯೂ ಸುಮ್ಮನಿರುವುದನ್ನು ಆ ಮುದುಕ ಎಲ್ಲಿ ಕಲಿತ, ಗುರುಗಳೇ?"

ಗುರು ಹೇಳಿದರು: "ಹದಿನಾರರಲ್ಲಿ ಅವನೂ, ವಯಸ್ಸಾದ ಮೇಲೆ ಓಗೊಟ್ಟರಾಯಿತು ಎಂದುಕೊಂಡಿದ್ದ."