ಒಗ್ಗಿಹೋದ ಹಸಿರು

“ನಿಮ್ಮ ಮಾತನ್ನು ಕೆಡದಂತೆ ಕಾಪಾಡುವುದು ಹೇಗೆ?” ಎಂದು ಕರಿಬಸಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಅವರ ಹಿರಿಯ ಶಿಷ್ಯ. ಅವರ ನಂತರ ಆ ಪೀಠದಲ್ಲಿ ಕೂರಬೇಕಾದವನು. ಆಗಲೇ ಊರೂರಿಗೆ ಹೋಗಿ ಅವರ ಮಾತುಗಳನ್ನು ಹೇಳುತ್ತಿದ್ದ. ಜನ ತಲೆದೂಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು, ಮತ್ತೆ ಬನ್ನಿ ಎನ್ನುತ್ತಿದ್ದರು. ಕೇಳಿದ್ದು ಪ್ರಶ್ನೆಯೇ ಆದರೂ, ನೀನು ಚೆನ್ನಾಗಿಯೇ ಕಾಪಾಡುತ್ತಿದ್ದೀಯೆ ಎಂಬ ಉತ್ತರಕ್ಕೆ ಅವನ ಕಿವಿ ಕಾದಿತ್ತು.

ಗುರುಗಳು ಹೊಗಳುವವರ ಪೈಕಿ ಅಲ್ಲ. ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಸಂಗ್ರಹಾಲಯವಿತ್ತು. ಅಲ್ಲಿ ಚಿನ್ನವಿರಲಿಲ್ಲ, ವಿಗ್ರಹಗಳಿರಲಿಲ್ಲ. ಗಾಜಿನ ಕೊಳವೆಗಳಲ್ಲಿ ಹಸಿರು ನೀರಿತ್ತು. ಕೆರೆ, ಬಾವಿ, ಗದ್ದೆ, ಬಿಸಿನೀರಿನ ಬುಗ್ಗೆಗಳಿಂದ ತಂದ ನೀಲಿಹಸಿರು ಪಾಚಿ. ಪಾಚಿ ಎನ್ನಬಾರದು, ಸಯನೋಬ್ಯಾಕ್ಟೀರಿಯಾ ಎನ್ನಬೇಕು ಎಂದು ಓದಿದವರು ತಿದ್ದುತ್ತಾರೆ. ತಿದ್ದಲಿ. ಮನುಷ್ಯ ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲು ಗಾಳಿಗೆ ಉಸಿರು ಕೊಟ್ಟ ಜೀವ ಅದು. ನಾವು ಏನೆಂದು ಕರೆದರೂ ಅದಕ್ಕೆ ಬೇಸರವಿಲ್ಲ.

ಆ ಮನೆ ಎಲ್ಲರದು. ಸಂಶೋಧನೆಗೆ ಬೇಕೆಂದು ಯಾರು ಬಂದು ಕೇಳಿದರೂ ಒಂದಿಷ್ಟು ಕೊಡಬೇಕು. ಕೊಟ್ಟದ್ದು ತಂದ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಇಷ್ಟೇ ಆ ಮನೆಯ ಧರ್ಮ. ಅದರಿಂದಲೇ ಆ ಮನೆಯ ಮಾತೆಂದರೆ ಸುತ್ತಲಿನ ಜನ ಎರಡು ಮಾತಾಡುತ್ತಿರಲಿಲ್ಲ.

ಅಲ್ಲಿ ಒಬ್ಬ ಪಾಲಕಿ ಇದ್ದಳು. ಅವಳು ಕೆಲಸಕ್ಕೆ ಸೇರಿದ ಬೇಸಿಗೆಯಲ್ಲಿ ದೂರದ ಒಂದು ಕೆರೆಯ ನೀರು ಹಸಿರು ಗಂಜಿಯಂತೆ ಹೆಪ್ಪುಗಟ್ಟಿತು. ಕುಡಿದ ದನಗಳು ಕೆರೆಯ ಏರಿ ಹತ್ತುವ ಮೊದಲೇ ಕುಸಿದವು. ಒಂದು ಮಗುವೂ ಸತ್ತಿತು. ಪಾಲಕಿ ಹೋಗಿ ಆ ಹಸಿರನ್ನು ತನ್ನ ಕೈಯಾರೆ ತುಂಬಿ ತಂದಳು. ಬೋಗುಣಿಯಲ್ಲಿ ಮೀನಿನ ಮರಿಗಳನ್ನು ಬಿಟ್ಟು, ಅದರಲ್ಲಿ ಹಸಿರನ್ನು ಸ್ವಲ್ಪ ಸುರಿದು ನೋಡಿದಳು. ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಅವಳು ಕೊಳವೆಗೆ ಆ ಕೆರೆಯ ಹೆಸರನ್ನು ಬರೆದು ಅಂಟಿಸಿದಳು.

ಹಳೆಯ ಪಾಲಕ ಆಗ ಇನ್ನೂ ಇದ್ದ. ಹಸಿರು ಕೊಳವೆಯಲ್ಲಿ ದಟ್ಟವಾದ ಹಾಗೆಲ್ಲ ಅದರಲ್ಲಿ ಒಂದಿಷ್ಟನ್ನು ಹೊಸ ನೀರಿಗೆ ದಾಟಿಸಬೇಕು. ಇಲ್ಲದಿದ್ದರೆ ಸಾಯುತ್ತದೆ. ಅದನ್ನು ಕಲಿಸುತ್ತ ಅವನು ಹೇಳಿದ:

“ನೋಡಿ ಆರಿಸಬೇಡ. ಕೊಳವೆಯನ್ನು ಅಲುಗಿಸು, ಬಂದದ್ದನ್ನು ತೆಗೆ. ಇನ್ನೊಂದಿಷ್ಟನ್ನು ಕೊರೆಯುವ ಚಳಿಯಲ್ಲಿ ಮಲಗಿಸಿಡು. ಮಲಗಿದ್ದು ಬದಲಾಗುವುದಿಲ್ಲ.”

ಅವಳು ತಲೆಯಾಡಿಸಿದಳು. ಮಲಗಿಸಿಯೂ ನೋಡಿದಳು. ಎಬ್ಬಿಸಿದಾಗ ಮುಕ್ಕಾಲು ಪಾಲು ಸತ್ತು ಬಿಳಿಚಿಕೊಂಡಿತ್ತು. ಕಾಪಾಡಬೇಕಾದವಳು ಕೊಲ್ಲುವುದುಂಟೇ ಎಂದುಕೊಂಡು ಮಲಗಿಸುವುದನ್ನೇ ಬಿಟ್ಟಳು. ಸ್ವಲ್ಪ ಕಾಲಕ್ಕೆ ಹಳೆಯ ಪಾಲಕ ತೀರಿಕೊಂಡ. ಆಮೇಲೆ ಅವಳಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

ದಾಟಿಸುವಾಗ ಅವಳ ಕಣ್ಣು ಹುಡುಕುತ್ತಿತ್ತು. ಹಸಿರಿನ ಕೆಲವು ಎಳೆಗಳು ಮಂಕಾಗಿ ತಳದಲ್ಲಿ ಬಿದ್ದಿರುತ್ತಿದ್ದವು. ಕೆಲವು ಮಿರಮಿರ ಮಿಂಚುತ್ತ ಮೇಲೆ ಹರಡಿಕೊಂಡಿರುತ್ತಿದ್ದವು. ಅವಳು ಮಿಂಚುವುದನ್ನು ತೆಗೆದಳು. ಮುಂದಿನ ಸಲವೂ ಮಿಂಚುವುದನ್ನೇ ತೆಗೆದಳು. ಮಂಕಾದದ್ದು ಚರಂಡಿಗೆ ಹೋಯಿತು. ಇದರಲ್ಲಿ ಕೆಟ್ಟದ್ದೇನಿದೆ? ಬಿತ್ತನೆಗೆ ಎಲ್ಲರೂ ಗಟ್ಟಿ ಕಾಳನ್ನೇ ಆರಿಸುತ್ತಾರೆ. ಚೆನ್ನಾಗಿ ಓದುವ ಮಗುವಿನ ತಟ್ಟೆಗೇ ತುಪ್ಪ ಒಂದು ಹನಿ ಹೆಚ್ಚು ಬೀಳುತ್ತದೆ. ಅವಳು ಮಾಡಿದ್ದೂ ಪ್ರೀತಿಯಿಂದಲೇ.

ವರ್ಷಗಳು ಕಳೆದವು. ಹಸಿರು ಅವಳಿಗೆ ಒಗ್ಗಿತು. ಬೆಳಕಿದ್ದ ಕಡೆಗೆ ಸರಿಯುವುದು ಆ ಜೀವದ ಗುಣ. ಆ ಕೋಣೆಗೆ ಕಿಟಕಿಯಿರಲಿಲ್ಲ. ಇದ್ದದ್ದು ಅವಳ ಕುರ್ಚಿಯ ಪಕ್ಕದ ದೀಪವೊಂದೇ. ಹಾಗಾಗಿ ಹಸಿರು ಅವಳು ಕೂರುವ ಕಡೆಯ ಗಾಜಿಗೆ ಬಂದು ಅಂಟಿಕೊಳ್ಳುತ್ತಿತ್ತು. ಕಾರಣ ಗೊತ್ತಿದ್ದೂ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಬೆಳಗ್ಗೆ ಬಾಗಿಲು ತೆಗೆದರೆ ಸಾಲುಸಾಲು ಕೊಳವೆಗಳ ಹಸಿರೆಲ್ಲ ಅವಳ ಖಾಲಿ ಕುರ್ಚಿಗೆ ಮುಖಮಾಡಿ ಕಾದಿರುತ್ತಿತ್ತು. ಹೊರಗಿನಿಂದ ಬಂದವರು ಆ ಕುರ್ಚಿಯಲ್ಲಿ ಕೂರಲು ಹಿಂಜರಿಯುತ್ತಿದ್ದರು. ನಿಂತೇ ಮಾತು ಮುಗಿಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಆ ಕೆರೆ ಬತ್ತಿತು. ಅದಕ್ಕೆ ಮಣ್ಣು ತುಂಬಿದರು, ಮೇಲೆ ರಸ್ತೆ ಹಾಕಿದರು. ಆ ಕೆರೆಯ ಹಸಿರು ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಪಾಲಕಿಯ ಕೊಳವೆಯಲ್ಲಿ ಮಾತ್ರ.

ಒಂದು ದಿನ ಒಬ್ಬ ಹೆಂಗಸು ಬಂದಳು. ಅವಳ ಅಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು. ದನಗಳೂ ಮಗುವೂ ಸತ್ತ ಬೇಸಿಗೆಯಲ್ಲಿ ಊರು ಅವನತ್ತ ಬೆರಳು ತೋರಿಸಿತ್ತು. ಕೆರೆಗೆ ವಿಷ ಹಾಕಿದವನೆಂದು ಊರಾಚೆಗೆ ಅಟ್ಟಿತ್ತು. ಪಾಲಕಿಗೆ ಈ ಸಂಗತಿ ಆವರೆಗೆ ಗೊತ್ತೇ ಇರಲಿಲ್ಲ.

“ನಮ್ಮಪ್ಪ ಇನ್ನೇನು ಹೋಗೋ ಹಂಗವ್ನೆ ಕಣಮ್ಮ,” ಎಂದಳು ಆ ಹೆಂಗಸು. “ಅವತ್ತಿನಿಂದ ಅವನ ಕೈ ನೀರು ಯಾರೂ ಮುಟ್ಟಿಲ್ಲ. ಸತ್ರೆ ಹೆಣ ಎತ್ತಾಕೂ ಬರಲ್ಲ ಅಂತಾರೆ. ಕೆರೆ ಹಸುರೇ ಕೊಂದಿದ್ದು ಅಂತ ಕಣ್ಣಾರೆ ಕಂಡ್ರೆ ಒಪ್ಕಂತೀವಿ ಅಂದವ್ರೆ ಊರ ದೊಡ್ಡೋರು. ನಿಮ್ಮ ತಾವ ಅದು ಹಂಗೇ ಐತಂತಲ್ಲ.”

“ಹಾಗೇ ಇದೆ,” ಎಂದಳು ಪಾಲಕಿ.

ಅವಳ ಬಾಳಿನಲ್ಲಿ ಅಷ್ಟು ಹೆಮ್ಮೆಯ ಗಳಿಗೆ ಇನ್ನೊಂದಿಲ್ಲ. ತಾನು ಇಷ್ಟು ಕಾಲ ಆ ಕತ್ತಲೆ ಕೋಣೆಯಲ್ಲಿ ಕೂತದ್ದು ಈ ಮುದುಕನಿಗಾಗಿಯೇ ಎನ್ನಿಸಿತು. ತಾನು ಸಾಕಿದ್ದನ್ನು ತಾನೇ ಪರೀಕ್ಷಿಸಿ ನೋಡಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಊರಿನ ಹಿರಿಯರು ಬಂದರು. ಮೋಸ ಹೋಗುವ ಆಸಾಮಿಗಳಲ್ಲ. ಬೋಗುಣಿ, ಬಾವಿಯ ನೀರು, ಮೀನಿನ ಮರಿಗಳನ್ನು ತಾವೇ ತಂದಿದ್ದರು. ಪಾಲಕಿ ಎಲ್ಲರೆದುರು ಹಸಿರನ್ನು ಸುರಿದಳು. ನೀರುಗಂಟಿಯ ಮಗಳು ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಕೂತಿದ್ದಳು. ಮರಿಗಳು ಒಮ್ಮೆ ಬೆದರಿ ಅಂಚಿಗೆ ಸರಿದವು. ಆಮೇಲೆ ಒಂದೊಂದಾಗಿ ಬಂದು ಹಸಿರನ್ನು ತಿನ್ನತೊಡಗಿದವು.

ಪಾಲಕಿ ಇನ್ನಷ್ಟು ಸುರಿದಳು. ಅವು ಇನ್ನಷ್ಟು ತಿಂದವು. ಸಂಜೆಯಾಯಿತು. ಇಷ್ಟು ವರ್ಷವೂ ಜೀವ ಕಾಪಾಡಿದವಳು, ಸಾಯಿರಿ, ಒಂದಾದರೂ ಸಾಯಿರಿ ಎಂದು ಆ ಮರಿಗಳನ್ನು ಮನಸ್ಸಿನಲ್ಲೇ ಬೇಡಿಕೊಂಡಳು. ಅವು ಹೊಟ್ಟೆ ತುಂಬಿಸಿಕೊಂಡು ಗುಂಪಾಗಿ ಸುತ್ತು ಹಾಕುತ್ತಿದ್ದವು.

“ಇದು ನಮ್ಮ ಕೆರೇದಲ್ವಾ ತಾಯಿ?” ಎಂದು ಒಬ್ಬ ಹಿರಿಯ ಕೇಳಿದ.

“ನಿಮ್ಮ ಕೆರೆಯದೇ. ಅವತ್ತು ಕೊಲ್ಲುತ್ತಿತ್ತು. ನಾನೇ ನೋಡಿದ್ದೇನೆ. ಇಲ್ಲಿ ಇದ್ದೂ ಇದ್ದೂ ಬದಲಾಗಿರಬೇಕು.”

“ಹಂಗಾದ್ರೆ ಹಂಗೇ ಐತೆ ಅಂದಿದ್ಯಾಕೆ?”

ಅವಳು ಕೊಳವೆಯ ಮೇಲೆ ಅಂಟಿಸಿದ್ದ ಹೆಸರನ್ನು ನೋಡಿದಳು. ಹಿರಿಯರು ಮೇಲೆದ್ದರು. ಅದುವರೆಗೆ ಅವರದು ಬರೀ ಅನುಮಾನವಾಗಿತ್ತು. ಒಬ್ಬಿಬ್ಬರಿಗೆ ಮುದುಕನ ಮೇಲೆ ಒಳಗೇ ಕನಿಕರವೂ ಇತ್ತು. ಈಗ ಎಲ್ಲರೂ ನಂಬುವ ಸಂಗ್ರಹಾಲಯವೇ ಸಾಕ್ಷಿ ಹೇಳಿತ್ತು: ಕೆರೆಯಲ್ಲಿ ದೋಷವಿರಲಿಲ್ಲ, ಅವನೇ ಹಾಕಿದ್ದು.

ಮಗಳು ಅಳಲಿಲ್ಲ, ಬೈಯಲಿಲ್ಲ. ಬೋಗುಣಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. “ನಮ್ಮ ಕೆರೇದು ಎಲ್ಲೋಯ್ತಮ್ಮ?” ಎಂದಳು. ಆಮೇಲೆ ಅವಳೂ ಎದ್ದು ಹೋದಳು.

ಒಬ್ಬಳೇ ಉಳಿದ ಮೇಲೆ ಪಾಲಕಿಗೆ ಎಲ್ಲ ತಿಳಿಯಿತು. ವಿಷ ಹೊರುವುದು ಆ ಜೀವಕ್ಕೂ ಭಾರ. ಹೊತ್ತ ಎಳೆಗಳು ಮಂಕಾಗಿ ತಳದಲ್ಲಿ ಬೀಳುತ್ತಿದ್ದವು. ಆ ಭಾರ ಇಳಿಸಿದ ಎಳೆಗಳು ಹಗುರಾಗಿ ಮಿಂಚುತ್ತಿದ್ದವು. ಮಿಂಚಿದ್ದಕ್ಕೆಲ್ಲ ಅವಳ ಕೈ ಹೋಗಿತ್ತು. ಹಳೆಯದು ಯಾವ ದಿನ ಹೊರಟುಹೋಯಿತು, ಇದು ಯಾವ ದಿನ ಅದರ ಹೆಸರು ಅಂಟಿಸಿಕೊಂಡು ಬಂದು ಕೂತಿತು, ಅವಳು ಕಂಡಿರಲಿಲ್ಲ. ಆ ಕೋಣೆಯ ಬಾಗಿಲನ್ನು ದಿನವೂ ತೆಗೆದವಳೂ ಅವಳೇ, ಹಾಕಿದವಳೂ ಅವಳೇ. ಪರಿಚಯವೇ ಇಲ್ಲದ ಯಾರನ್ನೋ ಇಷ್ಟು ವರ್ಷ ಮಗಳೇ ಎಂದು ಕರೆದಂತಾಯಿತು.

ಅವಳು ಕುರ್ಚಿಯನ್ನೂ ದೀಪವನ್ನೂ ಎತ್ತಿ ಎದುರು ಗೋಡೆಯ ಹತ್ತಿರ ಇಟ್ಟುಕೊಂಡು, ಕೊಳವೆಗಳಿಗೆ ಬೆನ್ನು ಹಾಕಿ ಕೂತಳು. ಮರುದಿನ ತಿರುಗಿ ನೋಡಿದರೆ ಹಸಿರೆಲ್ಲ ಸದ್ದಿಲ್ಲದೆ ಸರಿದು ಬಂದು, ಅವಳ ಬೆನ್ನಿನ ಕಡೆಯ ಗಾಜಿಗೆ ಒತ್ತಿಕೊಂಡಿತ್ತು. ಮೊದಲಿಗಿಂತ ಚೆನ್ನಾಗಿ ಮಿಂಚುತ್ತಿತ್ತು.

ನೀರುಗಂಟಿ ಸತ್ತ. ಹೆಣ ಎತ್ತಲು ಊರಿನವರು ಯಾರೂ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕರಿಬಸಯ್ಯನಿಗೆ ಪಾಲಕಿಯ ಮೇಲೆ ಸಿಟ್ಟು ಬಂದಿತ್ತು. “ಹಳೆಯ ಪಾಲಕ ಅಷ್ಟು ಸ್ಪಷ್ಟವಾಗಿ ಹೇಳಿದ್ದನಲ್ಲ, ಅವಳು ಆರಿಸಬಾರದಿತ್ತು,” ಎಂದ.

“ನನ್ನ ಮಾತುಗಳಲ್ಲಿ ನಿನಗೆ ಹಿಡಿಸದೆ ಇದ್ದದ್ದು ಒಂದನ್ನು ಹೇಳು,” ಎಂದರು ಗುರುಗಳು.

ಕರಿಬಸಯ್ಯ ಬಾಯಿ ತೆರೆದ. ಜನ ತಲೆದೂಗಿದ ಮಾತುಗಳೇ ನಾಲಿಗೆಗೆ ಬಂದವು; ಬೇರೆ ಒಂದೂ ನೆನಪಾಗಲಿಲ್ಲ.